ಯಾರ ಕಡೆಯಿಂದ ಬಂತು ಎಂದು ಕೇಳುವ ಹಿರಿಯರಿಗೆ

ಪ್ರೀತಿಯ ಅಜ್ಜ ಅಜ್ಜಿಯರೇ, ಅತ್ತೆ ಮಾವಂದಿರೇ, ಮನೆಯ ಹಿರಿಯರೇ,

ಮಗುವಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಚಿಕಿತ್ಸೆಯದಲ್ಲ. ಇದು ಯಾರ ಕಡೆಯಿಂದ ಬಂತು ಎಂಬುದು. ನಿಮ್ಮಲ್ಲಿ ಕೆಲವರು ಎಲ್ಲರೆದುರು ಕೇಳುತ್ತೀರಿ, ಕೆಲವರು ಮಗನನ್ನು ಪಕ್ಕಕ್ಕೆ ಕರೆದು ಕೇಳುತ್ತೀರಿ. ಇನ್ನು ಕೆಲವರು ಕೇಳುವುದೇ ಇಲ್ಲ, ‘ನಮ್ಮ ಕಡೆ ಯಾರಿಗೂ ಹೀಗಿಲ್ಲ’ ಎಂದುಬಿಡುತ್ತೀರಿ. ಆಗ ಉಳಿಯುವುದು ಒಂದೇ ಕಡೆ.

ನಾನು ಬೆಂಗಳೂರಿನಲ್ಲಿ ಜೆನೆಟಿಕ್ ಕೌನ್ಸೆಲರ್. ಮಗುವಿನ ರಕ್ತಪರೀಕ್ಷೆಗೆ ಮುಂಚೆ ಮನೆತನದ ವಿವರ ಕೇಳಿ ವಂಶವೃಕ್ಷ ಬರೆಯುವುದು, ವರದಿ ಬಂದ ಮೇಲೆ ಅದರಲ್ಲಿ ಏನಿದೆ, ಏನಿಲ್ಲ ಎಂದು ಬಿಡಿಸಿ ಹೇಳುವುದು ನನ್ನ ಕೆಲಸ. ಮಗುವಿನ ತಾಯಿ ನನ್ನೆದುರು ಕೂರುವಷ್ಟರಲ್ಲಿ ಮನೆಯ ತೀರ್ಪು ಹೊರಬಿದ್ದಿರುತ್ತದೆ. ಗ್ರಹಣದ ದಿನ ಹೊರಗೆ ಬಂದಳಂತೆ, ಬಸುರಿಯಾಗಿದ್ದಾಗಲೂ ಲ್ಯಾಪ್‌ಟಾಪ್ ಬಿಡಲಿಲ್ಲವಂತೆ, ಅವಳ ತವರಿನಲ್ಲಿ ಯಾರೋ ಒಬ್ಬ ಮೂಗನಿದ್ದನಂತೆ. ನಾನು ಪ್ರಶ್ನೆ ಕೇಳುವ ಮೊದಲೇ ಆಕೆ ತಪ್ಪೊಪ್ಪಿಕೊಳ್ಳಲು ಸಿದ್ಧಳಾಗಿರುತ್ತಾಳೆ. ಈ ಕಾಗದ ಬರೆಯಲು ಕಾರಣ ಅದು.

ನಿಮ್ಮ ಪ್ರಶ್ನೆಯಲ್ಲಿ ತಪ್ಪಿಲ್ಲ. ಐವತ್ತು ವರ್ಷಗಳಿಂದ ವಿಜ್ಞಾನಿಗಳೂ ಅದನ್ನೇ ಕೇಳುತ್ತ ಬಂದಿದ್ದಾರೆ. ಅವರಿಗೆ ಉತ್ತರ ಸಿಕ್ಕಿದೆ, ಪೂರ್ತಿಯಾಗಿ ಅಲ್ಲದಿದ್ದರೂ ಸಾಕಷ್ಟು ಸಿಕ್ಕಿದೆ. ಆ ಉತ್ತರ ನಿಮ್ಮ ಪಡಸಾಲೆಯವರೆಗೆ ಬಂದಿಲ್ಲ, ಅಷ್ಟೆ.

ತಾಯಿಯನ್ನು ದೂರಿದವರಲ್ಲಿ ನೀವು ಮೊದಲಿಗರಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳ ವಿವರ ಬರೆದು ಈ ಸ್ಥಿತಿಯನ್ನು ಗುರುತಿಸಿದರು. ಅದು ಹುಟ್ಟಿನಿಂದಲೇ ಬರುವುದಿರಬೇಕು ಎಂದು ಆಗಲೇ ಅವರಿಗೆ ಹೊಳೆದಿತ್ತು. ಆದರೂ ಕೆಲವೇ ವರ್ಷಗಳಲ್ಲಿ ಅವರೇ, ಈ ಮಕ್ಕಳು ಫ್ರಿಜ್ಜಿನಲ್ಲಿ ಇಟ್ಟಂತೆ ಬೆಳೆದವರು ಎಂಬರ್ಥದಲ್ಲಿ ಬರೆದರು. ಶಿಕಾಗೋದ ಬ್ರೂನೋ ಬೆಟೆಲ್‌ಹೈಮ್ ಆ ಮಾತನ್ನು ಬೆಳೆಸಿ 1967ರಲ್ಲಿ ಪುಸ್ತಕವನ್ನೇ ಬರೆದರು. ತಾಯಂದಿರ ಪ್ರೀತಿ ತಣ್ಣಗಿದ್ದದ್ದರಿಂದ ಮಕ್ಕಳು ಒಳಗೆ ಸರಿದುಕೊಂಡರು ಎಂಬುದು ವಾದ. ಓದಿದವರು, ಹೆಸರಾಂತವರು ಹೇಳಿದ್ದರಿಂದ ಜನ ನಂಬಿದರು. ಒಂದು ಇಡೀ ತಲೆಮಾರಿನ ತಾಯಂದಿರು ಆ ಹೊರೆ ಹೊತ್ತರು. ಆಟಿಸಂ ಇರುವ ಮಗುವಿನ ತಂದೆಯೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಇದನ್ನು ಎದುರಿಸಿ ಬರೆದಿದ್ದರು. ಇದು ಮೆದುಳಿನ ಬೆಳವಣಿಗೆಯ ವಿಷಯ, ಸಾಕುವ ರೀತಿಯದಲ್ಲ ಎಂದು.

ವಾದ ನಿಜಕ್ಕೂ ತಿರುಗಿದ್ದು 1977ರಲ್ಲಿ. ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ ಬ್ರಿಟನ್‌ನಲ್ಲಿ 21 ಅವಳಿ ಜೋಡಿಗಳನ್ನು ಹುಡುಕಿದರು. ಪ್ರತಿ ಜೋಡಿಯಲ್ಲೂ ಒಬ್ಬರಿಗಾದರೂ ಆಟಿಸಂ. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಎರಡೂ ಬಗೆಯಲ್ಲಿ ಪ್ರತಿ ಜೋಡಿಯೂ ಒಂದೇ ತಾಯಿಯ ಮಡಿಲಲ್ಲಿ, ಒಂದೇ ಮನೆಯಲ್ಲಿ ಬೆಳೆದದ್ದು. ಸಾಕಿದ್ದರಲ್ಲೇ ದೋಷವಿದ್ದರೆ ಇಷ್ಟು ವ್ಯತ್ಯಾಸ ಬರಬಾರದಿತ್ತು. ಪುಟ್ಟ ಅಧ್ಯಯನ, ಆದರೆ ಆಟಿಸಂನ ಜೀನ್ ಸಂಶೋಧನೆಯೆಲ್ಲ ಹೊರಟದ್ದು ಅಲ್ಲಿಂದ. 2019ರಲ್ಲಿ ಡೆನ್ಮಾರ್ಕ್, ಫಿನ್‌ಲ್ಯಾಂಡ್, ಸ್ವೀಡನ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾದ 20 ಲಕ್ಷ ಮಕ್ಕಳ ದಾಖಲೆ ಒಟ್ಟುಗೂಡಿಸಿ ನೋಡಿದಾಗ, ಜನರ ನಡುವೆ ಆಟಿಸಂನಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ. 80ರಷ್ಟಕ್ಕೆ ಅನುವಂಶೀಯತೆಯೇ ಕಾರಣ ಎಂದು ಕಂಡಿತು. ಅದೇ ಅಧ್ಯಯನದಲ್ಲಿ ತಾಯಿಯ ಕಡೆಯ ವಿಶೇಷ ಪ್ರಭಾವ, ಎಂದರೆ ಗರ್ಭದಲ್ಲಿದ್ದಾಗ ಆಕೆಯಿಂದಲೇ ಆಗುವಂಥದ್ದು, ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ನಿಮ್ಮ ಸೊಸೆಗೆ ನೀವೇ ಓದಿ ಹೇಳಿದರೆ ನನಗೆ ತುಂಬಾ ಸಂತೋಷ.

‘ಅನುವಂಶೀಯ ಎಂದಮೇಲೆ ಯಾರದೋ ಕಡೆಯಿಂದಲೇ ಬಂದಿರಬೇಕಲ್ಲ’ ಎಂದು ನೀವು ಕೇಳುತ್ತೀರಿ. ಇಲ್ಲಿಯೇ ಹೆಚ್ಚಿನವರು ಎಡವುವುದು. ಜೀನ್‌ನಲ್ಲಿದೆ ಎಂದಾಕ್ಷಣ ಹೆತ್ತವರಲ್ಲಿ ಇತ್ತು ಎಂದಲ್ಲ. ತಂದೆತಾಯಿಯ ಡಿಎನ್‌ಎ ಮಗುವಿಗೆ ಇಳಿಯುವಾಗ ಓಲೆಗರಿಯನ್ನು ಪ್ರತಿ ಮಾಡುವಾಗ ಆಗುವಂತೆ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಇಬ್ಬರಲ್ಲೂ ಇಲ್ಲದ ಇಂಥ ಹೊಸ ಬದಲಾವಣೆಗಳು ಪ್ರತಿ ಮಗುವಿನಲ್ಲೂ 60–70 ಇರುತ್ತವೆ. ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಬಹುತೇಕ ಎಲ್ಲವೂ ಏನೂ ಮಾಡುವುದಿಲ್ಲ. ಅಪರೂಪಕ್ಕೆ ಒಂದು ಬದಲಾವಣೆ, ಮೆದುಳು ರೂಪುಗೊಳ್ಳುವಾಗ ತೀರಾ ಬೇಕಾದ ಜೀನ್ ಮೇಲೆ ಬೀಳುತ್ತದೆ. 2012ರಲ್ಲಿ ಐಸ್‌ಲ್ಯಾಂಡ್‌ನ ಕುಟುಂಬಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಇಂಥ ಹೊಸ ಬದಲಾವಣೆಗಳಲ್ಲಿ ಹೆಚ್ಚಿನವು ತಂದೆಯ ವೀರ್ಯಾಣುವಿನಿಂದ ಬರುತ್ತವೆ, ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದರೆ ಸುಮಾರು ಎರಡು ಹೆಚ್ಚುತ್ತವೆ ಎಂದು ತೋರಿಸಿದರು. ಇದನ್ನು ಹೇಳಿದ್ದು ಬೆರಳು ಮಗನ ಕಡೆಗೆ ತಿರುಗಲಿ ಎಂದಲ್ಲ. ವಯಸ್ಸಾಗುವುದು ಯಾರ ತಪ್ಪೂ ಅಲ್ಲ, ವೀರ್ಯಾಣುವಿನೊಳಗೆ ಅಕ್ಷರ ತಿದ್ದುವ ಶಕ್ತಿ ಯಾವ ಗಂಡಸಿಗೂ ಇಲ್ಲ.

ಸಿನ್‌ಗ್ಯಾಪ್-1 ಎಂಬ ಜೀನ್ ತೆಗೆದುಕೊಳ್ಳಿ. ನರಕೋಶಗಳು ಒಂದಕ್ಕೊಂದು ಮಾತಾಡುವ ಜಾಗದಲ್ಲಿ ಇದರ ಕೆಲಸ. ಇದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಮಾತು ತಡವಾಗುತ್ತದೆ, ಮೂರ್ಛೆ ಬರುತ್ತದೆ, ಬಹಳ ಮಕ್ಕಳಲ್ಲಿ ಆಟಿಸಂ ಇರುತ್ತದೆ. ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲೂ ಅದು ಹೊಸದಾಗಿ ಆದ ಬದಲಾವಣೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದೇ ಜೀನ್ ಮೇಲೆ ಇಲಿಗಳಲ್ಲಿ ಪ್ರಯೋಗ ನಡೆಯುತ್ತಿದೆ. ಇಂಥ ವರದಿ ಬಂದಾಗ ‘ಯಾರ ಕಡೆಯಿಂದ’ ಎಂಬ ಪ್ರಶ್ನೆಗೆ ನನ್ನ ಉತ್ತರ: ಯಾರ ಕಡೆಯಿಂದಲೂ ಅಲ್ಲ.

ಆದರೆ ಎಲ್ಲ ಮಕ್ಕಳಿಗೂ ಇಂಥ ಒಂಟಿ ಜೀನ್ ಸಿಗುವುದಿಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 35,584 ಜನರ ಡಿಎನ್‌ಎ ನೋಡಿ ಆಟಿಸಂ ಜೊತೆ ನಂಟಿರುವ 102 ಜೀನ್‌ಗಳನ್ನು ಗುರುತಿಸಿತು. ಅವುಗಳಲ್ಲಿ ಹಲವು ಬುದ್ಧಿ ಬೆಳವಣಿಗೆ ತಡವಾಗುವುದಕ್ಕೂ ಮೂರ್ಛೆಗೂ ಕಾರಣವಾಗುವಂಥವೇ. ಇಷ್ಟಿದ್ದೂ ಪರೀಕ್ಷೆಗೆ ಬಂದ ಹೆಚ್ಚಿನ ಮಕ್ಕಳಲ್ಲಿ ಸ್ಪಷ್ಟ ಉತ್ತರ ಸಿಗದೆ ವರದಿ ಬರುತ್ತದೆ. ಏಕೆಂದರೆ ಅವರಲ್ಲಿ ಕೆಲಸ ಮಾಡಿರುವುದು ಸಾವಿರಾರು ಸಣ್ಣ ಸಣ್ಣ ವ್ಯತ್ಯಾಸಗಳ ಒಟ್ಟು ಮೊತ್ತ. ಒಂದೊಂದಾಗಿ ನೋಡಿದರೆ ಅವು ಯಾವ ಕೇಡನ್ನೂ ಮಾಡುವುದಿಲ್ಲ, ಊರಿನ ಎಲ್ಲರಲ್ಲೂ ಇವೆ. ಎರಡೂ ಕಡೆಯಿಂದ ಒಂದಿಷ್ಟು ಬಂದು ಒಂದು ಮಗುವಿನಲ್ಲಿ ಸೇರಿರುತ್ತವೆ.

ಇದಕ್ಕೆ ಸಾಕ್ಷಿ ನೀವೇ ಕೊಡುತ್ತೀರಿ. ‘ನಮ್ಮ ಕಡೆ ಯಾರಿಗೂ ಇಲ್ಲ’ ಎಂದ ಬಾಯಲ್ಲೇ ಸ್ವಲ್ಪ ಹೊತ್ತಿಗೆ, ‘ಇವನಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಒಬ್ಬನೇ ಕೂತು ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದ, ಯಾರ ಜೊತೆಗೂ ಸೇರುತ್ತಿರಲಿಲ್ಲ’ ಎನ್ನುತ್ತೀರಿ. ಮಗುವಿಗೆ ಏನೂ ಆಗಿಲ್ಲ ಎಂದು ಸಮಾಧಾನ ಹೇಳಲು ಆಡುವ ಮಾತು ಅದು. ಅದು ನನಗೆ ತುಂಬಾ ಬೆಲೆಯುಳ್ಳ ಮಾಹಿತಿ. ವಂಶವೃಕ್ಷದ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ.

ಹಾಗೆಂದು ಹೆತ್ತವರಿಂದ ನೇರವಾಗಿ ಇಳಿದು ಬರುವ ಕಾರಣಗಳೇ ಇಲ್ಲವೆಂದು ಹೇಳಿದರೆ ಸುಳ್ಳು ಹೇಳಿದಂತೆ. ಅಂಥವುಗಳಲ್ಲಿ ಒಂದಾದ ಫ್ರಜೈಲ್ ಎಕ್ಸ್ ಬಗ್ಗೆ ನಾನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಅಲ್ಲಿ ಹಿರಿಯರಾದ ನೀವು ನೇರವಾಗಿ ಬರುತ್ತೀರಿ.

ಎಕ್ಸ್ ವರ್ಣತಂತುವಿನ ಮೇಲೆ ಎಫ್‌ಎಂಆರ್-1 ಎಂಬ ಜೀನ್ ಇದೆ. ಅದು ಪತ್ತೆಯಾದದ್ದು 1991ರಲ್ಲಿ. ಅದರ ಒಂದು ತುದಿಯಲ್ಲಿ ಮೂರು ಅಕ್ಷರಗಳ ಒಂದು ಗುಂಪು ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರಲ್ಲಿ ಅದು ಸುಮಾರು 30 ಸಲ. ಕೆಲವರಲ್ಲಿ 55ರಿಂದ 200 ಸಲ ಇರುತ್ತದೆ. ಅವರು ಎಲ್ಲರಂತೆಯೇ ಓದಿ, ದುಡಿದು, ಸಂಸಾರ ಮಾಡುತ್ತಾರೆ. 200 ದಾಟಿದರೆ ಜೀನ್ ಮುಚ್ಚಿಕೊಂಡುಬಿಡುತ್ತದೆ, ಅದರಿಂದ ತಯಾರಾಗಬೇಕಾದ ಪ್ರೋಟೀನು ತಯಾರಾಗುವುದಿಲ್ಲ. ಗಂಡುಮಗುವಿಗೆ ಎಕ್ಸ್ ಇರುವುದು ಒಂದೇ, ಹಾಗಾಗಿ ಅವನಿಗೆ ಪೆಟ್ಟು ಜೋರು. ಬುದ್ಧಿ ಬೆಳವಣಿಗೆ ಹಿಂದುಳಿಯುತ್ತದೆ, ಹಲವರಲ್ಲಿ ಆಟಿಸಂ ಇರುತ್ತದೆ. ಇದನ್ನೇ ಫ್ರಜೈಲ್ ಎಕ್ಸ್ ಎನ್ನುವುದು. ಆಟಿಸಂಗೆ ಒಂದೇ ಜೀನ್ ಕಾರಣವೆಂದು ತಿಳಿದಿರುವ ಸ್ಥಿತಿಗಳಲ್ಲಿ ಹೆಚ್ಚು ಕಾಣುವುದು ಇದೇ. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಈ ಗುಂಪುಗಳ ಸಂಖ್ಯೆ 200 ದಾಟುವಷ್ಟು ಬೆಳೆಯುವುದು ತಾಯಿಯ ಮೂಲಕ ಇಳಿಯುವಾಗ. ‘ನೋಡಿದಿರಾ, ತಾಯಿಯ ಕಡೆಯಿಂದಲೇ’ ಎನ್ನಬೇಡಿ, ಇನ್ನೂ ಒಂದು ಮೆಟ್ಟಿಲು ಹಿಂದೆ ಬನ್ನಿ. ಆ ತಾಯಿಗೆ ಅದು ಬಹಳ ಸಲ ಬಂದಿರುವುದು ಆಕೆಯ ತಂದೆಯಿಂದ. ಗಂಡಸು ತನ್ನ ಒಂದೇ ಎಕ್ಸನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತಾನೆ, ಗಂಡುಮಕ್ಕಳಿಗೆ ಕೊಡುವುದಿಲ್ಲ. ಹೀಗಾಗಿ ಅಜ್ಜ ಆರೋಗ್ಯವಾಗಿದ್ದು, ಮಗಳೂ ಚೆನ್ನಾಗಿದ್ದು, ಮೊಮ್ಮಗನಲ್ಲಿ ಮಾತ್ರ ಅದು ಕಾಣಿಸಿಕೊಳ್ಳುತ್ತದೆ.

ಒಂದು ಮನೆಯವರು ಬಂದಿದ್ದರು. ಮಗುವಿನ ವರದಿಯಲ್ಲಿ ಫ್ರಜೈಲ್ ಎಕ್ಸ್ ಬಂದಿತ್ತು. ತಾಯಿಯ ಜೊತೆ ಆಕೆಯ ತಂದೆ. ಕಾಫಿಯ ಕಾಗದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಆದರೂ ಅಂಚಿನಿಂದ ಕಾಫಿ ತುಳುಕುತ್ತಿತ್ತು. ನಡೆದು ಬರುವಾಗ ಗೋಡೆಗೆ ಕೈ ಕೊಟ್ಟುಕೊಂಡೇ ಬಂದಿದ್ದರು. ಕೇಳಿದರೆ, ಪಾರ್ಕಿನ್‌ಸನ್ ಇರಬಹುದೆಂದು ಮಾತ್ರೆ ನುಂಗುತ್ತಿದ್ದೇನೆ, ಗುಣವೇನೂ ಕಾಣಲಿಲ್ಲ ಎಂದರು. ನನ್ನ ಪೆನ್ನು ವಂಶವೃಕ್ಷದಲ್ಲಿ ಅವರನ್ನು ಗುರುತಿಸುವ ಚೌಕದ ಮೇಲೆ ನಿಂತಿತು. ಫ್ರಜೈಲ್ ಎಕ್ಸ್‌ನ ಮಧ್ಯದ ಸಂಖ್ಯೆ (55ರಿಂದ 200) ಹೊತ್ತ ಕೆಲವು ಗಂಡಸರಿಗೆ ಐವತ್ತು ದಾಟಿದ ಮೇಲೆ ಕೈನಡುಕ, ನಡಿಗೆಯ ತೂಕ ತಪ್ಪುವುದು ಶುರುವಾಗುತ್ತದೆ. ವೈದ್ಯಲೋಕಕ್ಕೆ ಇದು ತಿಳಿದದ್ದೇ 2001ರಲ್ಲಿ, ಅದೂ ಇಂಥ ಮಕ್ಕಳ ತಾಯಂದಿರು ತಮ್ಮ ಅಪ್ಪಂದಿರ ನಡುಕದ ಬಗ್ಗೆ ಮತ್ತೆ ಮತ್ತೆ ಹೇಳಿದ್ದರಿಂದ. ಆ ಅಜ್ಜನ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು, ಆ ಸಂಖ್ಯೆ ಇತ್ತು. ‘ಹಾಗಾದರೆ ನನ್ನಿಂದಲೇ ಬಂದದ್ದಾ ಇದು?’ ಎಂದು ಕೇಳಿದರು. ನಿಮಗೂ ಯಾರಿಂದಲೋ ಬಂದದ್ದು, ಅವರಿಗೂ ಅವರ ಹಿಂದಿನವರಿಂದ, ಹೊತ್ತವರು ಯಾರಿಗೂ ಗೊತ್ತಿರಲಿಲ್ಲ ಎಂದೆ. ಆ ದಿನ ಮಗುವಿನ ಜೊತೆಗೆ ಅಜ್ಜನ ಕಾಯಿಲೆಗೂ ಸರಿಯಾದ ಹೆಸರು ಸಿಕ್ಕಿತು, ಮಾತ್ರೆ ಬದಲಾಯಿತು. ಅವರ ಇನ್ನಿಬ್ಬರು ಹೆಣ್ಣುಮಕ್ಕಳು ಮುಂದೆ ಮಕ್ಕಳಾಗುವ ಮೊದಲೇ ವಿಷಯ ತಿಳಿದುಕೊಂಡರು.

ಈಗ ನಮ್ಮ ನಾಡಿನ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗಿನವು. ವಂಶವೃಕ್ಷದಲ್ಲಿ ಅಂಥ ಗಂಡಹೆಂಡಿರ ನಡುವೆ ನಾವು ಎರಡು ಗೆರೆ ಎಳೆಯುತ್ತೇವೆ. ಅಕ್ಕನ ಮಗಳನ್ನು ಮದುವೆಯಾದವನ ಮಗುವಿನಲ್ಲಿ, ಒಂದು ಜೀನ್‌ನ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆಮಗಳನ್ನು ಮದುವೆಯಾದರೆ ಹದಿನಾರರಲ್ಲಿ ಒಂದು. ಒಂದು ಪ್ರತಿ ಕೆಟ್ಟಿದ್ದರೆ ತೊಂದರೆಯಾಗದ ಜೀನ್‌ಗಳಲ್ಲಿ ಎರಡೂ ಕೆಟ್ಟರೆ ಮಾತ್ರ ಕಾಯಿಲೆ ಮೇಲೇಳುತ್ತದೆ. ಇದರಲ್ಲಿಯೂ ‘ಯಾರ ಕಡೆ’ ಎಂದು ಕೇಳಲು ಬರುವುದಿಲ್ಲ, ಎರಡೂ ಕಡೆಯವರು ಒಂದೊಂದು ಪ್ರತಿ ಕೊಟ್ಟಿರುತ್ತಾರೆ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇದ್ದಾರೆ ಎಂಬುದನ್ನೂ ಹೇಳಬೇಕು. ಸಂಬಂಧದಲ್ಲಿ ಆಗಿಲ್ಲ, ನಮಗೆ ಅಪಾಯವಿಲ್ಲ ಎನ್ನುವವರು ಇನ್ನೊಂದನ್ನು ತಿಳಿಯಬೇಕು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ತಂಡ 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿತು. 81 ಸಮುದಾಯಗಳು ಕೆಲವೇ ಪೂರ್ವಜರಿಂದ ಹರಡಿ, ತಲೆತಲಾಂತರ ಜಾತಿಯೊಳಗೇ ಕೊಟ್ಟು ತಂದುಕೊಂಡದ್ದರಿಂದ ಅಂಥ ಜೀನ್‌ಗಳು ಅವುಗಳೊಳಗೆ ದಟ್ಟವಾಗಿ ಉಳಿದಿವೆ.

ಈ ಬಗೆಯ ಕಾಯಿಲೆಗಳಲ್ಲೇ ಕೆಲವಕ್ಕೆ ಚಿಕಿತ್ಸೆ ಇದೆ, ಅದಕ್ಕೇ ನಾನು ಪರೀಕ್ಷೆಗೆ ಹಟ ಹಿಡಿಯುವುದು. ಫಿನೈಲ್‌ಕೀಟೋನ್ಯೂರಿಯಾ ಇರುವ ಮಗುವಿಗೆ ಹುಟ್ಟಿದ ದಿನಗಳಲ್ಲೇ ಆಹಾರ ಬದಲಿಸಿದರೆ ಮೆದುಳು ಉಳಿಯುತ್ತದೆ, ಬಿಟ್ಟರೆ ಬುದ್ಧಿ ಬೆಳೆಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಕರ್ನಾಟಕದ ನವಜಾತ ಶಿಶುಗಳಲ್ಲಿ ಇಂಥ ಕಾಯಿಲೆಗಳನ್ನು ಹುಡುಕಿದ್ದರು, ಹೆತ್ತವರ ಸಂಬಂಧವನ್ನೂ ಬರೆದುಕೊಂಡಿದ್ದರು. 2012ರಲ್ಲಿ ರಕ್ತಸಂಬಂಧದ ಮದುವೆಯ ಕುಟುಂಬಗಳಲ್ಲೇ ಬಿಸಿಕೆಡಿಕೆ ಎಂಬ ಜೀನ್ ಸಿಕ್ಕಿತು. ಆಟಿಸಂ, ಮೂರ್ಛೆ ಎರಡೂ ಇದ್ದ ಆ ಮಕ್ಕಳ ರಕ್ತದಲ್ಲಿ ಮೂರು ಅಮೈನೋ ಆಮ್ಲಗಳು ಬೇಗ ಕರಗಿಹೋಗುತ್ತಿದ್ದವು. ಅವನ್ನು ಆಹಾರದ ಜೊತೆ ಕೊಟ್ಟು ನೋಡಿದ್ದಾರೆ, ಬೇಗ ಶುರುಮಾಡಿದ ಮಕ್ಕಳಲ್ಲಿ ಸುಧಾರಣೆ ಕಂಡಿದೆ. ಇಂಥವು ಅಪರೂಪ. ಆದರೆ ನಿಮ್ಮ ಮೊಮ್ಮಗು ಆ ಅಪರೂಪದ ಮಕ್ಕಳಲ್ಲಿ ಒಂದೋ ಅಲ್ಲವೋ ಎಂಬುದು ಪರೀಕ್ಷೆ ಮಾಡದೆ ತಿಳಿಯುವುದಿಲ್ಲ.

ನೀವು ಪರೀಕ್ಷೆ ಬೇಡವೆನ್ನಲು ಕಾರಣ ನನಗೆ ಗೊತ್ತು. ಮನೆಯಲ್ಲಿ ಇನ್ನೊಬ್ಬ ಮಗಳಿದ್ದಾಳೆ, ಅವಳಿಗೆ ಗಂಡು ನೋಡುತ್ತಿದ್ದೀರಿ. ಕಾಗದದ ಮೇಲೆ ಬಂದರೆ ಮನೆತನಕ್ಕೆ ಕೆಟ್ಟ ಹೆಸರು ಬರುತ್ತದೆ ಎಂಬ ಭಯ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಕಾರಣ ಗೊತ್ತಿಲ್ಲದಿದ್ದರೆ ಅನುಮಾನ ಮನೆಯ ಪ್ರತಿ ಹೆಣ್ಣುಮಗಳ ಮೇಲೂ ಉಳಿಯುತ್ತದೆ. ಮಗುವಿನ ಬದಲಾವಣೆ ಹೊಸದಾಗಿ ಆದದ್ದು ಎಂದು ತಿಳಿದರೆ, ನಿಮ್ಮ ಆ ಮಗಳಿಗೆ ಹುಟ್ಟುವ ಮಗುವಿಗೆ ಅದು ಬರುವ ಸಂಭವ ಪಕ್ಕದ ಮನೆಯ ಹುಡುಗಿಗಿಂತ ಹೆಚ್ಚಿಲ್ಲ ಎಂದು ನಾನು ಬರೆದುಕೊಡಬಲ್ಲೆ. ವರದಿ ಗುಟ್ಟಾಗಿರುತ್ತದೆ, ನಿಮ್ಮ ಒಪ್ಪಿಗೆಯಿಲ್ಲದೆ ಬೀಗರಿಗೆ ನಾವು ಹೇಳುವುದಿಲ್ಲ. ಬೇಡ ಎನ್ನುವ ಹಕ್ಕೂ ನಿಮಗಿದೆ, ಆದರೆ ನಿಮ್ಮ ರಕ್ತಕ್ಕೆ ಮಾತ್ರ. ಮಗುವಿನ ವಿಷಯ ಅದರ ಅಪ್ಪ ಅಮ್ಮ ನಿರ್ಧರಿಸಲಿ.

ನಿಮ್ಮ ರಕ್ತ ಏಕೆ ಕೇಳುತ್ತೇವೆ ಎಂದೂ ಹೇಳುತ್ತೇನೆ. ಎಷ್ಟೋ ವರದಿಗಳಲ್ಲಿ ‘ಬದಲಾವಣೆ ಕಂಡಿದೆ, ಅದರ ಅರ್ಥ ಖಚಿತವಿಲ್ಲ’ ಎಂದಿರುತ್ತದೆ. ಪ್ರಪಂಚದ ಜೀನ್ ದಾಖಲೆಗಳಲ್ಲಿ ಹೆಚ್ಚಿನವು ಯುರೋಪ್ ಮೂಲದವರದು. ನಮ್ಮಲ್ಲಿ ಮಾಮೂಲಿಯಾಗಿರುವ ಬದಲಾವಣೆಯೂ ಅಲ್ಲಿ ಅಪರಿಚಿತವಾಗಿ ಕಾಣುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ‘ಜೀನೋಮ್ ಇಂಡಿಯಾ’ ಯೋಜನೆ 10,000 ಭಾರತೀಯರ ಡಿಎನ್‌ಎ ಓದಿದ ಮೇಲೆ ಈ ಕೊರತೆ ಸ್ವಲ್ಪ ತುಂಬುತ್ತಿದೆ. ಅದು ಪೂರ್ತಿ ತುಂಬುವವರೆಗೆ ನಮಗೆ ಆಸರೆ ಮನೆಯವರೇ. ಅದೇ ಬದಲಾವಣೆ ಎಪ್ಪತ್ತು ದಾಟಿದ, ಎಲ್ಲ ಕೆಲಸ ನಿಭಾಯಿಸಿದ ಅಜ್ಜನಲ್ಲೂ ಇದೆ ಎಂದು ತಿಳಿದರೆ, ಅದೊಂದೇ ಕಾರಣವಾಗಿರುವ ಸಾಧ್ಯತೆ ಕಡಿಮೆ ಎನ್ನಬಹುದು. ಎರಡು ಚಮಚದಷ್ಟೂ ಇಲ್ಲದ ನಿಮ್ಮ ರಕ್ತ ಒಂದು ವರದಿಯ ಅರ್ಥವನ್ನೇ ತಿಳಿಯಾಗಿಸಬಲ್ಲದು.

ಸೊಸೆಯ ಮೇಲೆ ಹೊಸ ಆರೋಪಗಳು ಬರುತ್ತಲೇ ಇರುತ್ತವೆ. 1998ರಲ್ಲಿ ಲಸಿಕೆಯನ್ನು ದೂರಿದ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂದಕ್ಕೆ ಪಡೆಯಿತು, ಆ ಮಾತು ಇವತ್ತಿಗೂ ಸತ್ತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಬಸುರಿಯರು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಾರದೆಂದರು. ‘ಜ್ವರಕ್ಕೆ ಮಾತ್ರೆ ನುಂಗಿದ್ದೆಯಲ್ಲ’ ಎಂದು ನಮ್ಮ ಮನೆಗಳಲ್ಲೂ ಕೇಳಿದರು. ಅದಕ್ಕೆ ಒಂದು ವರ್ಷ ಮುಂಚೆಯೇ ಸ್ವೀಡನ್ನಿನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿದ್ದರು. ಒಂದೇ ತಾಯಿಯ ಮಕ್ಕಳಲ್ಲಿ ಮಾತ್ರೆ ತೆಗೆದುಕೊಂಡ ಬಸುರಿಗೂ ತೆಗೆದುಕೊಳ್ಳದ ಬಸುರಿಗೂ ಹೋಲಿಸಿದಾಗ ಆಟಿಸಂನಲ್ಲಿ ವ್ಯತ್ಯಾಸವೇ ಇರಲಿಲ್ಲ. ಇನ್ನು ಲಕ್ಷಾಂತರ ರೂಪಾಯಿ ಕಟ್ಟಿಸಿಕೊಂಡು ಸ್ಟೆಮ್ ಸೆಲ್ ಚುಚ್ಚುವವರಿದ್ದಾರೆ. ಜಮೀನು ಮಾರಿ ಕರೆದುಕೊಂಡು ಹೋಗುವ ಅಜ್ಜಂದಿರನ್ನು ನೋಡಿದ್ದೇನೆ. ಆ ಹಣಕ್ಕೆ ಮಗುವಿಗೆ ವರ್ಷಗಟ್ಟಲೆ ಥೆರಪಿ ಸಿಗುತ್ತಿತ್ತು. ಆಟಿಸಂಗೆ ಅದರಿಂದ ಉಪಯೋಗವೆಂದು ಸಿದ್ಧವಾಗಿಲ್ಲ, ದಯವಿಟ್ಟು ಹೋಗಬೇಡಿ.

ಇನ್ನೊಂದು ಮಾತು, ನನ್ನ ಕಡೆಯವರ ಬಗ್ಗೆ. 2021ರ ಆಗಸ್ಟಿನಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳು ಆಟಿಸಂ ಇರುವ 10,000 ಜನರ ಡಿಎನ್‌ಎ ಸಂಗ್ರಹಿಸಲು ಹೊರಟರು. ಆಟಿಸಂ ಇರುವ ದೊಡ್ಡವರೇ ಎದ್ದುನಿಂತು ಪ್ರತಿಭಟಿಸಿದರು. ನಮ್ಮನ್ನು ಕೇಳದೆ ನಮ್ಮ ಜೀನ್ ಏಕೆ, ನಾಳೆ ನಮ್ಮಂಥವರು ಹುಟ್ಟದಂತೆ ಮಾಡಲು ಇದನ್ನು ಬಳಸಿದರೆ ಏನು ಗತಿ ಎಂದು. ಮರುತಿಂಗಳೇ ಯೋಜನೆ ತಡೆದು ನಿಂತಿತು. ಅವರ ಅಂಜಿಕೆ ನ್ಯಾಯವಾದದ್ದು ಎಂದೇ ನಾನು ನಂಬಿದ್ದೇನೆ. ‘ಈ ದೋಷ ಯಾರಿಂದ ಬಂತು’ ಎಂದು ನೀವು ಮಾತಾಡುವಾಗ ಮಗು ಅದೇ ಕೋಣೆಯಲ್ಲಿ ಚಕ್ರ ತಿರುಗಿಸುತ್ತ ಕೂತಿರುತ್ತದೆ. ಮಾತು ಬಾರದಿದ್ದರೂ ಮಾತು ತಿಳಿಯುವ ಮಕ್ಕಳು ಬಹಳ ಇದ್ದಾರೆ. ದಯವಿಟ್ಟು ಅದರೆದುರು ಹೀಗೆ ಮಾತಾಡಬೇಡಿ.

ನಿಮ್ಮಿಂದ ನನಗೆ ಬೇಕಾದದ್ದು ನೆನಪು. ಮನೆತನದ ವಿವರ ಸೊಸೆಗೆ ಗೊತ್ತಿರುವುದಿಲ್ಲ, ಮಗನೂ ಕೇಳಿಕೊಂಡಿರುವುದಿಲ್ಲ, ತಿಳಿದವರು ನೀವು. ಹುಟ್ಟಿ ಸ್ವಲ್ಪ ದಿನಕ್ಕೆ ತೀರಿಕೊಂಡ ಕೂಸು, ಮೂರ್ಛೆ ಬರುತ್ತಿದ್ದ ಅತ್ತೆಮಗ, ನಲವತ್ತಾಗುವ ಮೊದಲೇ ಮುಟ್ಟು ನಿಂತ ಚಿಕ್ಕಮ್ಮ, ಶಾಲೆಗೆ ಕಳಿಸದೆ ದನ ಕಾಯಲು ಬಿಟ್ಟ ಸೋದರಮಾವ, ವಯಸ್ಸಾದ ಮೇಲೆ ಕೈ ನಡುಗಿದ ಅಜ್ಜ, ಯಾರು ಯಾರನ್ನು ಸಂಬಂಧದಲ್ಲಿ ತಂದುಕೊಂಡರು ಎಂಬುದೆಲ್ಲ ಬೇಕು. ಒಂದು ಹಾಳೆಯಲ್ಲಿ ಬರೆದು, ಎರಡೂ ಕಡೆಯವರು ಒಟ್ಟಿಗೆ ಬನ್ನಿ. ನಿಮ್ಮ ಹೆಸರಿನ ಮುಂದೆ ನಾನು ಚೌಕವನ್ನೋ ವೃತ್ತವನ್ನೋ ಬರೆಯುತ್ತೇನೆಯೇ ಹೊರತು ತಪ್ಪು ಯಾರದೆಂದು ಬರೆಯುವುದಿಲ್ಲ.

ವರದಿ ಬರಲು ವಾರಗಳು ಹಿಡಿಯುತ್ತವೆ. ಅದಕ್ಕಾಗಿ ಕಾಯುತ್ತ ಥೆರಪಿ ನಿಲ್ಲಿಸಬೇಡಿ, ಜೀನ್ ಸಿಕ್ಕರೂ ಸಿಗದಿದ್ದರೂ ಮಗುವಿಗೆ ಮಾತು, ಆಟ, ಶಾಲೆ ಬೇಕೇ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಅಂಗವೈಕಲ್ಯ ಗುರುತಿನ ಚೀಟಿಗೆ ಅರ್ಜಿ ಹಾಕಿಸಿ. ಈಗ ವಾರಕ್ಕೆ ಮೂರು ದಿನ ನಿಮ್ಮ ಸೊಸೆ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಥೆರಪಿಗೆ ಒಬ್ಬಳೇ ಹೋಗಿಬರುತ್ತಿದ್ದಾಳೆ. ಮುಂದಿನ ವಾರದಿಂದ ಒಂದು ದಿನ ನೀವು ಕರೆದುಕೊಂಡು ಹೋಗಿ.

ನಿಮ್ಮವಳೇ ಆದ,
ಒಬ್ಬ ಜೆನೆಟಿಕ್ ಕೌನ್ಸೆಲರ್
ಬೆಂಗಳೂರು